ಹಸುರೆಲೆಯ ದುಡಿಮೆ

ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಊರುಗಳ ಕಣದಂಚಿನಲ್ಲಿ ಎದ್ದು ನಿಲ್ಲುವ ರಾಗಿಹುಲ್ಲಿನ ಬಣವೆಯನ್ನು ಕಂಡಾಗ, ಇಷ್ಟೊಂದು ಪದಾರ್ಥವು ನಾಲ್ಕು ತಿಂಗಳ ಹಿಂದೆ ಎಲ್ಲಿತ್ತು ಎಂಬ ಪ್ರಶ್ನೆ ನಮ್ಮಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ. ಎದ್ದರೂ, ಅದೆಲ್ಲ ಹೊಲದ ಮಣ್ಣಿನಲ್ಲಿತ್ತು, ಹಾಕಿದ ಗೊಬ್ಬರದಲ್ಲಿತ್ತು, ಬೇರು ಅದನ್ನು ಹೀರಿ ಮೇಲಕ್ಕೆ ಕಳುಹಿಸಿತು ಎಂಬ ಉತ್ತರವು ಒಡನೆಯೇ ನಾಲಗೆಯ ತುದಿಗೆ ಬಂದುಬಿಡುವುದು. ಆ ಉತ್ತರವು ಬಹುಮಟ್ಟಿಗೆ ತಪ್ಪು. ಹುಲ್ಲನ್ನು ಚೆನ್ನಾಗಿ ಒಣಗಿಸಿ ತೂಗಿದರೆ ಅದರ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಇಂಗಾಲವೇ ಇರುವುದು, ಮತ್ತು ಆ ಇಂಗಾಲವೆಲ್ಲವೂ ಗಾಳಿಯಿಂದ ಬಂದುದು. ಉಳಿದುದರಲ್ಲಿ ಬಹುಭಾಗವಾದ ಆಮ್ಲಜನಕ ಜಲಜನಕಗಳು ಗಾಳಿಯಿಂದಲೂ ನೀರಿನಿಂದಲೂ ಬಂದುವು. ಮಣ್ಣು ತನ್ನದೆಂದು ಹೇಳಿಕೊಳ್ಳಬಹುದಾದದ್ದು, ಹುಲ್ಲನ್ನು ಸುಟ್ಟಾಗ ಉಳಿಯುವ ಬೂದಿ ಮತ್ತು ಹೊಗೆಯೊಡನೆ ಹಾರಿಹೋಗುವ ಅಲ್ಪಸ್ವಲ್ಪ ಸಾರಜನಕ, ಇಷ್ಟೇ. ಗಾಳಿಯೊಳಗಿನ ಒಂದು ಅನಿಲವನ್ನೂ ನೆಲದೊಳಗಿನ ನೀರನ್ನೂ ಸೂರ್ಯನ ಬೆಳಕಿನ ಬಲದಿಂದ ಬೆಸೆದು ಸಕ್ಕರೆಯನ್ನಾಗಿ ಮಾಡುವ, ಆ ಕಾರ್ಯದಲ್ಲಿ ಆಮ್ಲಜನಕವನ್ನು ಹೊರಕ್ಕೆ ಬಿಡುವ ಈ ವ್ಯಾಪಾರಕ್ಕೆ ದ್ಯುತಿಸಂಶ್ಲೇಷಣೆಯೆಂದು ಹೆಸರು. ಭೂಮಿಯ ಮೇಲಣ ಅನ್ನವೆಲ್ಲಕ್ಕೂ ಉಸಿರೆಲ್ಲಕ್ಕೂ ಅದೇ ಮೂಲ.

ಮರದ ಮೈ ಮಣ್ಣಿನದಲ್ಲವೆಂದು ತಕ್ಕಡಿ ಹಿಡಿದು ತೋರಿಸಿದವನು ಬ್ರಸೆಲ್ಸ್ ಪ್ರಾಂತದ ವೈದ್ಯ ವಾನ್ ಹೆಲ್ಮಾಂಟ್. 200 ಪೌಂಡು ಒಣಮಣ್ಣನ್ನು ಒಂದು ದೊಡ್ಡ ಕುಂಡದಲ್ಲಿ ತುಂಬಿ, 5 ಪೌಂಡು ತೂಗುವ ವಿಲ್ಲೋ ಗಿಡವೊಂದನ್ನು ಅದರಲ್ಲಿ ನೆಟ್ಟು, 5 ವರ್ಷ ಬರಿಯ ನೀರೆರೆದು ಸಾಕಿ, ಕೊನೆಗೆ ಕಿತ್ತು ತೂಗಿದಾಗ ಗಿಡವು 169 ಪೌಂಡಿಗೆ ಮಿಕ್ಕಿ ಬೆಳೆದಿದ್ದಿತು. ಮಣ್ಣಿನಲ್ಲಿ ಕಡಮೆಯಾಗಿದ್ದುದು ಸುಮಾರು 2 ಔನ್ಸು ಮಾತ್ರ. ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಅವನು ನಿರ್ಣಯಿಸಿದನು. ಅವನ ಮರಣಾನಂತರ 1648ರಲ್ಲಿ ಅಚ್ಚಾದ ಗ್ರಂಥದಲ್ಲಿ ಈ ವೃತ್ತಾಂತವುಂಟು. ಸೌದೆಯ ಇದ್ದಿಲನ್ನು ಸುಟ್ಟಾಗ ಏಳುವ, ನಾವೀಗ ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲವನ್ನು ಮೊದಲಾಗಿ ಗುರುತಿಸಿದವರಲ್ಲಿ ಇದೇ ಹೆಲ್ಮಾಂಟನೂ ಒಬ್ಬನು; ಮರವು ಸುಡುವಾಗ ಬಿಟ್ಟುಕೊಡುವುದನ್ನೇ ಬೆಳೆಯುವಾಗ ತೆಗೆದುಕೊಂಡಿತ್ತೆಂಬ ಸತ್ಯವು ಅವನ ಎರಡು ಕೈಗಳ ನಡುವೆಯೇ ಇದ್ದು ಕಾಣದೆ ಹೋಯಿತು.

ಅದು ಕಾಣಲು ನೂರಕ್ಕೂ ಮಿಕ್ಕಿ ವರ್ಷಗಳು ಹಿಡಿದುವು. 1771ರ ಆಗಸ್ಟ್ 17ರಂದು, ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿಯು, ಮೇಣದ ಬತ್ತಿಯೊಂದು ಉರಿದು ಆರಿಹೋಗಿದ್ದ ಗಾಳಿಯೊಳಗೆ ಪುದೀನದ ಕುಡಿಯೊಂದನ್ನಿರಿಸಿದನು; ಅದೇ ತಿಂಗಳ 27ರಂದು ನೋಡಿದಾಗ ಆ ಗಾಳಿಯಲ್ಲಿ ಮತ್ತೊಂದು ಬತ್ತಿಯು ಸೊಗಸಾಗಿ ಉರಿಯಿತು. ಆದರೆ ಈ ಪ್ರಯೋಗವು ಒಮ್ಮೆ ಕೈಗೂಡಿದರೆ ಮತ್ತೊಮ್ಮೆ ಕೈಗೂಡುತ್ತಿರಲಿಲ್ಲ. ಕಾರಣವನ್ನು ಕಂಡುಹಿಡಿದವನು ವಿಯೆನ್ನಾದ ರಾಜಕುಟುಂಬಕ್ಕೆ ಸಿಡುಬಿನ ಚುಚ್ಚು ಹಾಕಿ ಹೆಸರಾಗಿದ್ದ ಡಚ್ ವೈದ್ಯ ಇಂಗನ್‌ಹೌಸ್. 1779ರ ಬೇಸಗೆಯಲ್ಲಿ ಲಂಡನ್ನಿನ ಹೊರವಲಯದ ಮನೆಯೊಂದರಲ್ಲಿ ನೆಲಸಿ, ಮೂರು ತಿಂಗಳೊಳಗೆ 500ಕ್ಕೂ ಮಿಕ್ಕ ಪ್ರಯೋಗಗಳನ್ನು ನಡೆಸಿ, ಗಾಳಿಯನ್ನು ಶುದ್ಧಿಗೊಳಿಸುವುದು ಗಿಡವೆಲ್ಲವೂ ಅಲ್ಲ, ಅದರ ಹಸುರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ; ಕತ್ತಲೆಯಲ್ಲಿ ಗಿಡವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುವುದು ಎಂದು ಅವನು ಸ್ಥಾಪಿಸಿದನು. ಮುಂದೆ ಸೆನೆಬಿಯೇ ಎಂಬಾತನು ಇಂಗಾಲದ ಡೈಆಕ್ಸೈಡಿನ ಪಾತ್ರವನ್ನೂ, 1804ರಲ್ಲಿ ಸೊಸ್ಯೂರನು ನೀರಿನ ಪಾತ್ರವನ್ನೂ ತೋರಿಸಿದ ಮೇಲೆ ಲೆಕ್ಕದ ಎರಡು ಬದಿಗಳೂ ಕೂಡಿದುವು.

ಲೆಕ್ಕ ಕೂಡಿತು, ಆದರೆ ಎಲೆಯ ಒಳಗೆ ಏನು ನಡೆಯುವುದೆಂಬುದು ಇನ್ನೂ ಕತ್ತಲೆಯಾಗಿಯೇ ಇದ್ದಿತು. ಆ ಕತ್ತಲೆಗೆ ಮೊದಲ ಕಿಂಡಿ ತೆರೆದುದು, ಎಲೆಯು ಎಷ್ಟು ವೇಗವಾಗಿ ದುಡಿಯುವುದು, ಆ ವೇಗವನ್ನು ಹಿಡಿದಿರಿಸುವುದಾವುದು ಎಂಬ, ಮೇಲುನೋಟಕ್ಕೆ ಬರಿಯ ಅಳತೆಯದೆಂದು ತೋರುವ ಪ್ರಶ್ನೆ. ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಏಕೆಂದರೆ ಪಾಠಪುಸ್ತಕಗಳಲ್ಲಿ ವೇಗದ ಸಂಗತಿಯು ಅಧ್ಯಾಯದ ಕೊನೆಯಲ್ಲಿ ನಾಲ್ಕು ಅಂಶಗಳ ಪಟ್ಟಿಯಾಗಿ ಬಂದು, ಬಾಯಿಪಾಠವಾಗಿ, ಪರೀಕ್ಷೆಯೊಡನೆ ಮರೆತುಹೋಗುವುದು. ವಾಸ್ತವವಾಗಿ ಈ ಶಾಸ್ತ್ರವು ಬೆಳೆದದ್ದೇ ಆ ಬಾಗಿಲಿನಿಂದ.

ಕೇಂಬ್ರಿಜ್ಜಿನಲ್ಲಿ ಎಫ್. ಎಫ್. ಬ್ಲ್ಯಾಕ್‌ಮನ್ ಎಂಬ ಸಸ್ಯವಿಜ್ಞಾನಿಯೂ ಅವನೊಡನೆ ಕೆಲಸ ಮಾಡುತ್ತಿದ್ದ ಗೇಬ್ರಿಯೆಲ್ ಮ್ಯಾಥಾಯ್ ಎಂಬ ತರುಣಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚೆರಿ ಲಾರೆಲ್ ಎಂಬ ಗಿಡದ ಎಲೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿ, ಬೆಳಕು, ಉಷ್ಣ, ಇಂಗಾಲದ ಡೈಆಕ್ಸೈಡ್ ಇವುಗಳಲ್ಲಿ ಒಂದನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿರಿಸಿ, ಎಲೆಯು ಗಂಟೆಗೆಷ್ಟು ಅನಿಲವನ್ನು ಒಳಗೆಳೆದುಕೊಳ್ಳುವುದೆಂದು ಅಳೆದರು. 1904ರಲ್ಲಿ ಪ್ರಕಟವಾದ ಮ್ಯಾಥಾಯ್ ಅವರ ಪ್ರಬಂಧವನ್ನೂ ಅದರ ಮರುವರ್ಷ ಬಂದ ಬ್ಲ್ಯಾಕ್‌ಮನ್ನನ ಪ್ರಬಂಧವನ್ನೂ ಒಟ್ಟಿಗೆ ಓದಿದರೆ ತಿಳಿಯುವುದೇನೆಂದರೆ, ಬೆಳಕು ಮಂದವಾಗಿರುವಾಗ ಎಲೆಯನ್ನು ಎಷ್ಟು ಬೆಚ್ಚಗಿರಿಸಿದರೂ ಅದರ ದುಡಿಮೆಯು ಹೆಚ್ಚುವುದಿಲ್ಲ. ಬೆಳಕನ್ನೇರಿಸಿದರೆ ಹೆಚ್ಚುವುದು, ಆದರೆ ಒಂದು ಮಟ್ಟದವರೆಗೆ ಮಾತ್ರ. ಆ ಮಟ್ಟದಾಚೆಗೆ ಇನ್ನಷ್ಟು ಬೆಳಕನ್ನು ಸುರಿಯುವುದು ವ್ಯರ್ಥ, ಅಲ್ಲಿ ಉಷ್ಣವನ್ನೋ ಅನಿಲವನ್ನೋ ಹೆಚ್ಚಿಸಿದರೆ ಮಾತ್ರ ವೇಗವು ಮತ್ತೆ ಏರುವುದು. ಕೆರೆಯ ಹೂಳೆತ್ತುವಾಗ ಸಾಲಾಗಿ ನಿಂತು ಮಂಕರಿಗಳನ್ನು ಕೈಯಿಂದ ಕೈಗೆ ದಾಟಿಸುವ ಜನರಲ್ಲಿ, ಅತ್ಯಂತ ನಿಧಾನದ ಒಬ್ಬನ ಕೈ ಹೇಗೆ ಇಡೀ ಸಾಲಿನ ವೇಗವನ್ನು ನಿರ್ಧರಿಸುವುದೋ, ಹಾಗೆ ಎಲೆಯಲ್ಲಿಯೂ ಆಯಾ ಘಳಿಗೆಗೆ ಯಾವುದು ಅತಿ ಕೊರತೆಯಲ್ಲಿರುವುದೋ ಅದೇ ದುಡಿಮೆಯ ಮಿತಿಯಾಗುವುದು. ಹೇರಳವಾಗಿರುವುದನ್ನು ಇನ್ನಷ್ಟು ಕೊಟ್ಟು ಫಲವಿಲ್ಲ.

ಮ್ಯಾಥಾಯ್ ಅವರು 1905ರಲ್ಲಿ ಆಲ್ಬರ್ಟ್ ಹವರ್ಡರನ್ನು ವಿವಾಹವಾಗಿ ಭಾರತಕ್ಕೆ ಬಂದು, ಬಿಹಾರದ ಪೂಸಾದಲ್ಲಿಯೂ ಅನಂತರ ಇಂದೂರಿನಲ್ಲಿಯೂ ಗೋಧಿ ಮೊದಲಾದ ಬೆಳೆಗಳ ಮೇಲೆ ಬಾಳೆಲ್ಲ ದುಡಿದರು. ಹವರ್ಡರ ಹೆಸರನ್ನು ಕಾಂಪೋಸ್ಟ್ ಗೊಬ್ಬರದೊಡನೆ ನೆನೆಯುವವರು ಬಹಳ ಮಂದಿ; ಎಲೆಯ ಉಷ್ಣವನ್ನು ಮೊತ್ತಮೊದಲು ಇಷ್ಟು ಕಟ್ಟುನಿಟ್ಟಾಗಿ ಅಳೆದ ಈ ವಿದುಷಿಯನ್ನು ನೆನೆಯುವವರು ವಿರಳ. ಇದು ನ್ಯಾಯವಲ್ಲ.

ಈಗ ಆ ಪ್ರಯೋಗದ ಮರ್ಮವನ್ನು ನೋಡೋಣ. ಬೆಳಕಿನಿಂದಲೇ ನಡೆಯುವ ಕ್ರಿಯೆಯು ಉಷ್ಣದ ಏರಿಳಿತವನ್ನು ಅಷ್ಟಾಗಿ ಲಕ್ಷಿಸುವುದಿಲ್ಲ; ಉಷ್ಣ 10 ಡಿಗ್ರಿ ಏರಿದರೆ ಇಮ್ಮಡಿಯ ಆಸುಪಾಸಿಗೆ ವೇಗ ಏರುವುದು ಕಿಣ್ವಗಳು ನಡೆಸುವ ರಾಸಾಯನಿಕ ಕ್ರಿಯೆಗಳ ಲಕ್ಷಣ. ಒಂದೇ ಎಲೆಯು ಮಂದ ಬೆಳಕಿನಲ್ಲಿ ಮೊದಲನೆಯದರಂತೆಯೂ ಪ್ರಖರ ಬೆಳಕಿನಲ್ಲಿ ಎರಡನೆಯದರಂತೆಯೂ ವರ್ತಿಸುವುದಾದರೆ, ಅದರೊಳಗೆ ಒಂದರ ಹಿಂದೆ ಒಂದಾಗಿ ಎರಡು ಬಗೆಯ ಕಾರ್ಯಗಳು ನಡೆಯುತ್ತಿರಲೇಬೇಕು: ಬೆಳಕನ್ನು ಹಿಡಿಯುವುದೊಂದು, ಹಿಡಿದ ಶಕ್ತಿಯಿಂದ ಸಕ್ಕರೆಯನ್ನು ಕಟ್ಟುವುದಿನ್ನೊಂದು. ಸೂಕ್ಷ್ಮದರ್ಶಕದಿಂದ ಕಾಣದ ವಿಭಾಗವನ್ನು ಅಳತೆಯೊಂದರಿಂದಲೇ ಕಂಡಂತಾಯಿತು.

ಮೊದಲನೆಯ ಕಾರ್ಯವು ನಡೆಯುವುದು ಎಲೆಯ ಜೀವಕೋಶಗಳಲ್ಲಿ ಹತ್ತಾರರಂತೆ ತೇಲುವ ಕ್ಲೋರೊಪ್ಲಾಸ್ಟ್‌ಗಳೆಂಬ ಹಸುರು ಕಣಗಳ ಒಳಪೊರೆಗಳಲ್ಲಿ. ಆ ಪೊರೆಗಳಲ್ಲಿ ನಾಟಿಕೊಂಡಿರುವ, ಮಧ್ಯದಲ್ಲಿ ಮೆಗ್ನೀಸಿಯಂ ಪರಮಾಣುವೊಂದನ್ನು ಧರಿಸಿರುವ ಪತ್ರಹರಿತ್ತು ಬೆಳಕಿನ ಕೆಂಪು ಮತ್ತು ನೀಲಿ ಪಾಲನ್ನು ಹೆಚ್ಚಾಗಿ ನುಂಗಿ ಹಸುರನ್ನು ಹೆಚ್ಚಾಗಿ ಬಿಟ್ಟುಕೊಡುವುದರಿಂದಲೇ ಕಾಡುಗದ್ದೆಗಳು ನಮ್ಮ ಕಣ್ಣಿಗೆ ಹಸುರಾಗಿರುವುದು. ನೂರಾರು ಪತ್ರಹರಿತ್ತಿನ ಅಣುಗಳು ಹಿಡಿದ ಶಕ್ತಿಯು ಒಂದು ಕೇಂದ್ರಕ್ಕೆ ಹರಿದುಬಂದು ಅಲ್ಲಿ ಇಲೆಕ್ಟ್ರಾನೊಂದನ್ನು ಮೇಲಕ್ಕೆ ಚಿಮ್ಮಿಸುವುದು. ಹೀಗೆ ತೆರವಾದ ಸ್ಥಾನವನ್ನು ತುಂಬಲು ಮ್ಯಾಂಗನೀಸ್ ಮತ್ತು ಕ್ಯಾಲ್ಸಿಯಂಗಳ ಚಿಕ್ಕದೊಂದು ಗೊಂಚಲು ನೀರನ್ನೇ ಸೀಳಿ ಇಲೆಕ್ಟ್ರಾನುಗಳನ್ನು ಒದಗಿಸುವುದು. ನಾವು ಉಸಿರಾಡುವ ಆಮ್ಲಜನಕವು ಹೀಗೆ ಸೀಳಿದ ನೀರಿನದೇ ಹೊರತು, ಬಹುಕಾಲ ನಂಬಿದ್ದಂತೆ ಇಂಗಾಲದ ಡೈಆಕ್ಸೈಡಿನದಲ್ಲ. ಗಂಧಕವನ್ನಾಶ್ರಯಿಸಿದ ಬ್ಯಾಕ್ಟೀರಿಯಗಳ ಬಾಳನ್ನು ನೋಡಿ ವಾನ್ ನೀಲ್ ಎಂಬಾತನು ಊಹಿಸಿದ್ದ ಈ ಸಂಗತಿಯನ್ನು, 1941ರಲ್ಲಿ ಕ್ಯಾಲಿಫೋರ್ನಿಯಾದ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕವುಳ್ಳ ನೀರನ್ನು ಪಾಚಿಗೆ ಕೊಟ್ಟು ಪುಷ್ಟಿಗೊಳಿಸಿದರು. ಎರಡೇ ವರ್ಷದ ಅನಂತರ ಪ್ರಯೋಗಶಾಲೆಯ ವಿಷಾನಿಲವು ತಗಲಿ ರೂಬೆನ್ ತನ್ನ 29ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಒಂದು ಆಮ್ಲಜನಕದ ಅಣು ಹೊರಬೀಳಬೇಕಾದರೆ ಬೆಳಕಿನ ಕಣಗಳು ಕಡೆಯ ಪಕ್ಷ 8 ಬೇಕು. ಇಷ್ಟರ ಫಲವಾಗಿ ಎಲೆಗೆ ದೊರೆಯುವುದು ಎ.ಟಿ.ಪಿ. ಮತ್ತು ಎನ್.ಎ.ಡಿ.ಪಿ.ಎಚ್. ಎಂಬ ಎರಡು ಶಕ್ತಿವಾಹಕ ಪದಾರ್ಥಗಳು.

ಎರಡನೆಯ ಕಾರ್ಯವನ್ನು ಬಿಡಿಸಿದ ಕೀರ್ತಿ ಬರ್ಕ್‌ಲಿಯ ಕ್ಯಾಲ್ವಿನ್, ಬೆನ್‌ಸನ್, ಬ್ಯಾಶಮ್ ಇವರದು. ವಿಕಿರಣಶೀಲ ಇಂಗಾಲವನ್ನು ಕ್ಲೋರೆಲ್ಲಾ ಎಂಬ ಪಾಚಿಗೆ ಉಣಿಸಿ, ಕೆಲವೇ ಸೆಕೆಂಡುಗಳಲ್ಲಿ ಅದನ್ನು ಕುದಿಯುವ ಮದ್ಯಸಾರಕ್ಕೆ ಬೀಳಿಸಿ ಕೊಂದು, ಆ ಕ್ಷಣಕ್ಕೆ ಇಂಗಾಲವು ಯಾವ ಪದಾರ್ಥವನ್ನು ಸೇರಿತ್ತೆಂದು ಕಾಗದದ ಮೇಲೆ ಬೇರ್ಪಡಿಸಿ ನೋಡುತ್ತ, ಸುಮಾರು ಹತ್ತು ವರ್ಷಗಳ ತಾಳ್ಮೆಯಿಂದ ಅವರು ಇಡೀ ಚಕ್ರವನ್ನು ಕಟ್ಟಿಕೊಟ್ಟರು. 1961ರ ನೊಬೆಲ್ ಪಾರಿತೋಷಕವು ಮಾತ್ರ ಕ್ಯಾಲ್ವಿನ್ ಒಬ್ಬನಿಗೇ ಸಂದಿತು. ಈ ಚಕ್ರದ ಹೆಬ್ಬಾಗಿಲಿನಲ್ಲಿ ನಿಂತು ಗಾಳಿಯ ಇಂಗಾಲವನ್ನು ಬರಮಾಡಿಕೊಳ್ಳುವ ಕಿಣ್ವಕ್ಕೆ ರುಬಿಸ್ಕೋ ಎಂದು ಹೆಸರು. ಜಗತ್ತಿನ ಜೀವರಾಶಿಗೆಲ್ಲ ಅನ್ನದಾತನಾದ ಈ ಕಿಣ್ವವು ಅತ್ಯಂತ ಮಂದಗತಿಯದು: ಎಷ್ಟೋ ಕಿಣ್ವಗಳು ಸೆಕೆಂಡಿಗೆ ನೂರಾರು ಸಲ ತಮ್ಮ ಕೆಲಸ ಮಾಡುವಲ್ಲಿ ಇದು ಮೂರರ ಆಸುಪಾಸು ಸಲ ಮಾತ್ರ ಮಾಡುವುದು. ವೇಗದ ಕೊರತೆಯನ್ನು ಸಂಖ್ಯೆಯಿಂದ ತುಂಬಿಕೊಳ್ಳುವ ಸಲುವಾಗಿ ಭತ್ತದಂಥ ಗಿಡಗಳು ಎಲೆಯಲ್ಲಿ ಕರಗಿರುವ ಪ್ರೋಟೀನಿನ ಅರ್ಧದಷ್ಟನ್ನು ಇದೊಂದಕ್ಕೇ ವ್ಯಯಿಸುವುವು. ಗದ್ದೆಗೆ ಸಾರಜನಕ ಸಾಲದಿದ್ದಾಗ ಪೈರು ಹಳದಿಯಾಗಿ ಸೊರಗುವುದರ ಗುಟ್ಟು ಇದರಲ್ಲಿದೆ. ಬೆಳಕನ್ನು ಹಿಡಿಯುವ ಹಸುರೂ ಇಂಗಾಲವನ್ನು ಹಿಡಿಯುವ ಕಿಣ್ವವೂ ಒಟ್ಟಿಗೆ ಕುಗ್ಗುವುವು.

ಹೀಗೆ ಒಳಗನ್ನರಿತ ಮೇಲೆ ನಮ್ಮ ಕೃಷಿಯ ಎಷ್ಟೋ ಪದ್ಧತಿಗಳು ಹೊಸ ಅರ್ಥದಿಂದ ಬೆಳಗುವುವು. ಕೊಡಗಿನಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಕಾಫಿಯನ್ನು ಅತ್ತಿ, ಹಲಸು, ಸಿಲ್ವರ್ ಓಕ್ ಮೊದಲಾದ ಮರಗಳ ನೆರಳಿನಲ್ಲಿ ಬೆಳೆಸುವರಷ್ಟೆ. ಕಾಫಿಯು ಮೂಲತಃ ಆಫ್ರಿಕದ ಕಾಡಿನ ಕೆಳನೆರಳಿನ ಗಿಡ. ಪೂರ್ಣ ಬಿಸಿಲಿನ ಮೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿಯೇ ಅದರ ಎಲೆಯು ತನ್ನ ದುಡಿಮೆಯ ಮೇರೆಯನ್ನು ಮುಟ್ಟುವುದು. ಅದಕ್ಕೆ ಮಿಕ್ಕ ಬೆಳಕು ಸಕ್ಕರೆಯಾಗುವುದಿಲ್ಲ. ಎಲೆಯನ್ನು ಕಾಯಿಸುವುದು, ಅತಿಯಾದರೆ ಬೆಳಕನ್ನು ಹಿಡಿಯುವ ಯಂತ್ರವನ್ನೇ ಜಖಂಗೊಳಿಸುವುದು. ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆ ಕಡಿಸುವ ಬೆಳೆಗಾರನು, ಮೋಡ ಕವಿದು ಬೆಳಕೇ ಕೊರತೆಯಾಗುವ ತಿಂಗಳುಗಳಿಗಾಗಿ ಮಾಡನ್ನು ತೆರೆಯುತ್ತಿರುತ್ತಾನೆ. ಬೇಸಗೆಯಲ್ಲಿ ಕೊರತೆಯು ನೀರಿನದು, ಆಗ ಅದೇ ನೆರಳು ಕಾಪಾಡುವುದು. ಬ್ಲ್ಯಾಕ್‌ಮನ್ನನ ಸೂತ್ರವನ್ನು ಕೇಳದೆಯೇ ಅದನ್ನು ಋತುವರಿತು ಆಚರಿಸುವ ಈ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ನೀರಿನ ಕೊರತೆಯು ಎಲೆಯನ್ನು ಕಟ್ಟಿಹಾಕುವ ಬಗೆಯನ್ನು ತುಸು ನಿಂತು ನೋಡಬೇಕು. ಸೀಳಲು ಬೇಕಾದ ನೀರು ಅತ್ಯಲ್ಪ. ಅದಕ್ಕೆ ಬಹುಶಃ ಎಂದೂ ಅಭಾವವಿಲ್ಲ. ಕಷ್ಟವಿರುವುದು ಬಾಗಿಲಿನಲ್ಲಿ. ಎಲೆಯ ಅಡಿಮೈಯಲ್ಲಿ ಹೆಚ್ಚಾಗಿರುವ ಪತ್ರರಂಧ್ರಗಳು ತೆರೆದರೆ ತಾನೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಬರುವುದು? ಅದಾದರೋ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಮಾತ್ರವಿರುವ ದುರ್ಲಭ ವಸ್ತು. ತೆರೆದ ಅದೇ ರಂಧ್ರದಿಂದ ಎಲೆಯೊಳಗಿನ ನೀರು ಆವಿಯಾಗಿ ಹೊರಹೋಗುವುದು. ಭತ್ತ ಗೋಧಿಗಳಂಥ ಗಿಡಗಳು ಒಂದು ಗ್ರಾಂ ಒಣಪದಾರ್ಥವನ್ನು ಕಟ್ಟಿಕೊಳ್ಳುವಷ್ಟರಲ್ಲಿ 450ರಿಂದ 950 ಗ್ರಾಮಿನಷ್ಟು ನೀರನ್ನು ಕಳೆದುಕೊಳ್ಳುವುವು. ಆದ್ದರಿಂದ ನಡುಹಗಲಿನ ಒಣಗಾಳಿಗೆ ರಂಧ್ರಗಳನ್ನು ಕಾಯುವ ಕೋಶಜೋಡಿಯು ಬಾಡಿ ಬಾಗಿಲನ್ನು ಮುಚ್ಚುವುದು. ಬೆಳಕು ತುಂಬಿ ಹರಿಯುತ್ತಿರುವ ಹನ್ನೆರಡು ಗಂಟೆಯ ಹೊತ್ತಿಗೆ ಎಲೆಯ ದುಡಿಮೆ ಕುಸಿದು, ಮೂರು ನಾಲ್ಕು ಗಂಟೆಗೆ ಮತ್ತೆ ತುಸು ಚೇತರಿಸಿಕೊಳ್ಳುವುದು ನಮ್ಮ ಬೇಸಗೆಯಲ್ಲಿ ಸರ್ವಸಾಮಾನ್ಯ.

ಬಾಗಿಲು ಅರೆಮುಚ್ಚಿದಾಗ ಇನ್ನೊಂದು ಕೇಡೂ ಹೊಂಚುತ್ತಿರುವುದು. ರುಬಿಸ್ಕೋ ಕಿಣ್ವವು ಮಂದಗತಿಯದು ಮಾತ್ರವಲ್ಲ, ಇಂಗಾಲದ ಡೈಆಕ್ಸೈಡೆಂದು ಭ್ರಮಿಸಿ ಆಮ್ಲಜನಕವನ್ನೇ ಹಿಡಿದುಬಿಡುವುದೂ ಉಂಟು. ಹಾಗಾದಾಗ ಕಟ್ಟಿದ ಪದಾರ್ಥವನ್ನು ಬಿಚ್ಚಿ ಸರಿಪಡಿಸುವುದರಲ್ಲಿ ಇಂಗಾಲವೂ ಶಕ್ತಿಯೂ ಪೋಲಾಗುವುವು. 25 ಡಿಗ್ರಿ ಉಷ್ಣದಲ್ಲಿಯೇ ಗಳಿಕೆಯ ಕಾಲುಭಾಗದಷ್ಟು ಹೀಗೆ ನಷ್ಟವಾಗಬಲ್ಲುದು, ಬಿಸಿಲೇರಿದಂತೆ ನಷ್ಟವೂ ಏರುವುದು. ಗಾಳಿಯಲ್ಲಿ ಆಮ್ಲಜನಕವು ಇಷ್ಟಿಲ್ಲದ ಪ್ರಾಚೀನ ಯುಗದಲ್ಲಿ ರೂಪುಗೊಂಡ ಕಿಣ್ವಕ್ಕೆ ಇದು ಹುಟ್ಟಿನಿಂದ ಬಂದ ದೋಷ.

ಈ ದೋಷಕ್ಕೆ ರಾಗಿಯು ಕಂಡುಕೊಂಡಿರುವ ಪರಿಹಾರವು ಸೃಷ್ಟಿಯ ಚಮತ್ಕಾರಗಳಲ್ಲೊಂದು. ರಾಗಿಯೆಲೆಯನ್ನು ಅಡ್ಡಲಾಗಿ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ, ಒತ್ತೊತ್ತಾಗಿರುವ ಪ್ರತಿಯೊಂದು ನಾಳದ ಸುತ್ತಲೂ ಕಡುಹಸುರಿನ ದೊಡ್ಡ ಕೋಶಗಳು ಮಾಲೆಗಟ್ಟಿ ನಿಂತಿರುವುದೂ, ಆ ಮಾಲೆಯ ಹೊರಗೆ ಇನ್ನೊಂದು ಸುತ್ತು ತಿಳಿಯಾದ ಕೋಶಗಳಿರುವುದೂ ಕಣ್ಣಿಗೆ ಕಟ್ಟುವುದು. ಭತ್ತದ ಎಲೆಯಲ್ಲಿ ಆ ಕಡುಹಸುರಿನ ಮಾಲೆಯಿಲ್ಲ. ಹೊರಸುತ್ತಿನ ಕೋಶಗಳಲ್ಲಿ, ಆಮ್ಲಜನಕವನ್ನು ಕಣ್ಣೆತ್ತಿಯೂ ನೋಡದ ಬೇರೊಂದು ಕಿಣ್ವವು ಇಂಗಾಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವನ್ನಾಗಿ ಮಾಡುವುದು. ಆ ಆಮ್ಲವು ಒಳಮಾಲೆಗೆ ಸಾಗಿ ಅಲ್ಲಿ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುವುದು. ರುಬಿಸ್ಕೋ ಅಲ್ಲಿ, ಆಮ್ಲಜನಕದ ಪೈಪೋಟಿ ತಗ್ಗಿದ ಏಕಾಂತದಲ್ಲಿ, ತನ್ನ ಕೆಲಸವನ್ನು ಮಾಡುವುದು. ಕಬ್ಬಿನೆಲೆಯಲ್ಲಿ ಈ ದಾರಿಯನ್ನು ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಬಿಡಿಸಿ ತೋರಿಸಿದರು. ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ ಎಲ್ಲವೂ ಇದೇ ಪಂಗಡದವು. ಅವುಗಳ ಎಲೆಯು ರಂಧ್ರವನ್ನು ಅರೆತೆರೆದಿಟ್ಟುಕೊಂಡೇ ಸಾಕಷ್ಟು ಇಂಗಾಲವನ್ನು ಪಡೆಯಬಲ್ಲುದಾದ್ದರಿಂದ, ಒಂದು ಗ್ರಾಂ ಒಣಪದಾರ್ಥಕ್ಕೆ 250ರಿಂದ 350 ಗ್ರಾಂ ನೀರು ಸಾಕು. 35 ಡಿಗ್ರಿಯ ಬಿಸಿಲಿನಲ್ಲಿಯೂ ದುಡಿಮೆ ಕುಗ್ಗದು, ಪೂರ್ಣ ಸೂರ್ಯಪ್ರಕಾಶದಲ್ಲಿಯೂ ಬೆಳಕು ಸಾಕೆನ್ನಿಸದು. ಆದರೆ ಈ ಸಾಗಣೆಗೆ ಹೆಚ್ಚಿನ ಶಕ್ತಿಯ ಸುಂಕ ತೆರಬೇಕಾದ್ದರಿಂದ ತಂಪಿನಲ್ಲಿಯೂ ನೆರಳಿನಲ್ಲಿಯೂ ಅವುಗಳ ಮೇಲುಗೈ ಇಲ್ಲದಾಗುವುದು. ಮೋಡ ಕವಿದ ಮಲೆನಾಡಿನಲ್ಲಿ ಭತ್ತವೂ, ಬಿಸಿಲು ಸುರಿಯುವ ಬಯಲಿನಲ್ಲಿ ರಾಗಿ ಜೋಳಗಳೂ ನೆಲೆಯೂರಿರುವುದು ಮಳೆಯೊಂದರಿಂದಲೇ ಅಲ್ಲ. ರಾಗಿಯನ್ನು ಬಡವರ ಧಾನ್ಯವೆಂದು ಹಗುರಾಗಿ ಕಂಡ ಕಾಲವೊಂದಿತ್ತು. ಎಲೆಯ ರಚನೆಯಿಂದ ಅಳೆದರೆ ಅದು ಭತ್ತಕ್ಕಿಂತ ಒಂದು ಹೆಜ್ಜೆ ಮುಂದಿರುವ ಬೆಳೆ.

ಕಳ್ಳಿ, ಕತ್ತಾಳೆ, ಅನಾನಸುಗಳದು ಮತ್ತೊಂದು ಉಪಾಯ: ರಾತ್ರಿಯ ತಂಪಿನಲ್ಲಿ ಬಾಗಿಲು ತೆರೆದು ಇಂಗಾಲವನ್ನು ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲನ್ನು ಮುಚ್ಚಿ ಅದನ್ನು ಬಳಸುವುದು. ಇದರ ಮೊದಲ ಸುಳಿವುಗಳಲ್ಲೊಂದು ಹೊರಟದ್ದು ಭಾರತದಿಂದ. ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆಯು ಬೆಳಗ್ಗೆ ಹುಳಿಯಾಗಿಯೂ ನಡುಹಗಲಿಗೆ ಸಪ್ಪೆಯಾಗಿಯೂ ಇರುವುದೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಬರೆದು ತಿಳಿಸಿದ್ದನು.

ಇನ್ನು ಜಗದೀಶಚಂದ್ರ ಬೋಸರನ್ನು ನೆನೆಯದೆ ಈ ವಿಷಯವನ್ನು ಮುಗಿಸಲಾಗದು. 1924ರಲ್ಲಿ ದ್ಯುತಿಸಂಶ್ಲೇಷಣೆಯ ವಿಷಯವಾಗಿಯೇ ಗ್ರಂಥವೊಂದನ್ನು ಪ್ರಕಟಿಸಿದ ಅವರು, ಹೈಡ್ರಿಲ್ಲಾ ಎಂಬ ಜಲಸಸ್ಯವು ಬಿಡುವ ಆಮ್ಲಜನಕದ ಗುಳ್ಳೆಗಳನ್ನು ತಾನಾಗಿ ಎಣಿಸಿ ಬರೆದುಕೊಳ್ಳುವ ಯಂತ್ರವನ್ನು ನಿರ್ಮಿಸಿದರು; ಬೇಸಗೆಯ ಹೈಡ್ರಿಲ್ಲಾವು ಚಳಿಗಾಲದ್ದರಂತೆ ವರ್ತಿಸದೆ, ಮ್ಯಾಲಿಕ್ ಆಮ್ಲವನ್ನು ಬಳಸಿ ಆಮ್ಲಜನಕವನ್ನು ಬಿಡಬಲ್ಲುದೆಂದು ಕಂಡರು. ಕಬ್ಬು ರಾಗಿಗಳ ಆ ನಾಲ್ಕು ಇಂಗಾಲದ ದಾರಿಯು ಬೆಳಕಿಗೆ ಬರುವುದಕ್ಕೆ ನಾಲ್ಕು ದಶಕಗಳ ಮುಂಚಿನ ಮಾತಿದು. ಬೇಸಗೆಯ ಹೈಡ್ರಿಲ್ಲಾವು ಅದೇ ದಾರಿಯ ಒಂದು ರೂಪವನ್ನು ಹಿಡಿಯುವುದೆಂದು ಈಗ ಸ್ಥಿರಪಟ್ಟಿದೆ.

ಬೋಸರ ಗಿಡವು ನಮ್ಮ ಕೆರೆಗಳಲ್ಲಿಯೇ ಬೆಳೆಯುವುದು. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿಯೂ ದೊರಕುವುದು. ಶಾಲೆಯ ಉಪಾಧ್ಯಾಯರಲ್ಲಿಯೂ ಮಕ್ಕಳುಳ್ಳ ಮನೆಯವರಲ್ಲಿಯೂ ನನ್ನದೊಂದು ಬಿನ್ನಹ. ಹೈಡ್ರಿಲ್ಲಾದ ಎಳೆಯ ಕುಡಿಯೊಂದನ್ನು ಕೊಯ್ದು, ಕೊಯ್ದ ತುದಿ ಮೇಲಾಗುವಂತೆ ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ, ಒಂದು ಮೊಳ ದೂರದಲ್ಲಿ ದೀಪವನ್ನಿಟ್ಟು, ನಿಮಿಷಕ್ಕೆಷ್ಟು ಗುಳ್ಳೆಗಳು ಏಳುವುವೆಂದು ಮಕ್ಕಳಿಂದ ಎಣಿಸಿ ಬರೆಸಿರಿ. ದೀಪವನ್ನು ಹಂತಹಂತವಾಗಿ ಹತ್ತಿರ ತನ್ನಿರಿ. ಗುಳ್ಳೆಗಳು ಹೆಚ್ಚುತ್ತ ಹೋಗಿ ಒಂದೆಡೆಯಲ್ಲಿ ನಿಲ್ಲುವುವು. ಅಲ್ಲಿ ದೀಪವನ್ನು ಕದಲಿಸದೆ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ತುಸು ಹೊತ್ತು ಕಾದರೆ, ಕೊರತೆಯಾಗಿದ್ದ ಇಂಗಾಲವು ಒದಗಿ ಗುಳ್ಳೆಗಳ ಎಣಿಕೆಯು ಮತ್ತೆ ಏರುವುದು. ಹೀಗೇಕಾಯಿತೆಂಬುದನ್ನು ನೀವು ಮೊದಲೇ ಹೇಳಿಬಿಡಬೇಡಿರಿ. ಮಕ್ಕಳು ತಮ್ಮ ಊಹೆಯನ್ನು ಬರೆದ ಮೇಲೆ ಹೇಳಿರಿ. ದೀಪವು ಎಲ್.ಇ.ಡಿ.ಯದಾಗಿರಲಿ, ಹಳೆಯ ಬಗೆಯ ಬಲ್ಬು ನೀರನ್ನು ಕಾಯಿಸಿ ಲೆಕ್ಕವನ್ನು ಕೆಡಿಸುವುದು.